ಮಾತನಾಡುವ ಆಯುಧ ಮತ್ತು ಸಂಘಟಿತ ಟೇಬಲ್‌ಟಾಪ್ ಆಟ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ತನ್ನದೇ ಬುದ್ಧಿ, ಮಾತು, ಹಟ ಮತ್ತು ಗುರಿಯುಳ್ಳ ಮಾಂತ್ರಿಕ ಆಯುಧವನ್ನು ಮಾತನಾಡುವ ಆಯುಧ ಎನ್ನುತ್ತಾರೆ. ಹೆಚ್ಚಿನ ಸಲ ಅದು ಕತ್ತಿ. ಸುತ್ತಿಗೆ, ತ್ರಿಶೂಲಗಳೂ ಇವೆ. ಆಟಗಾರನ ಪಾತ್ರ ಅದನ್ನು ಹಿಡಿದು ಕಾದಾಡುತ್ತದೆ, ಆದರೆ ಅದರ ಮಾತು ಮತ್ತು ಮನಸ್ಸು ಆಟ ನಡೆಸುವ ಡಂಜನ್ ಮಾಸ್ಟರ್ ಕೈಯಲ್ಲಿರುತ್ತವೆ. ಹೀಗಾಗಿ ನಾಯಕನ ಸೊಂಟದಲ್ಲಿ ತೂಗುವ ವಸ್ತುವೇ ಕಥೆಯ ಇನ್ನೊಂದು ಪಾತ್ರವಾಗುತ್ತದೆ. ಗೆಳೆಯರ ಮನೆಯಲ್ಲಿ ವರ್ಷಗಟ್ಟಲೆ ಒಬ್ಬರೇ ನಡೆಸುವ ಆಟದಲ್ಲಿ ಇದನ್ನು ನಿಭಾಯಿಸುವುದು ಸುಲಭ. ಊರೂರಿನ ಅಪರಿಚಿತರು ಒಂದೇ ನಿಯಮಾವಳಿಗೆ ಒಪ್ಪಿ ಆಡುವ ಸಂಘಟಿತ ಆಟದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಸಲವೂ ಡಂಜನ್ ಮಾಸ್ಟರ್ ಬೇರೆ, ಜೊತೆಗಾರರು ಬೇರೆ, ಸಮಯ ನಾಲ್ಕು ಗಂಟೆ ಮಾತ್ರ. ಈ ಲೇಖನ ಮುಖ್ಯವಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತು ಪಾತ್‌ಫೈಂಡರ್ ಎಂಬ ಎರಡು ಆಟಗಳನ್ನು ಆಧರಿಸಿದೆ. ಸಂಘಟಿತ ಆಟದ ಪರಂಪರೆ ಬಹುಪಾಲು ಇವೆರಡರಲ್ಲೇ ಬೆಳೆದಿದೆ.

ಕಥೆಗಳಲ್ಲಿನ ಮೂಲ

ಆಯುಧಕ್ಕೆ ಜೀವ ಕೊಡುವ ಕಲ್ಪನೆ ಆಟಕ್ಕಿಂತ ಬಹಳ ಹಳೆಯದು. ಉತ್ತರ ಯುರೋಪಿನ ನಾರ್ಸ್ ಕಥನಗಳಲ್ಲಿ ಟಿರ್ಫಿಂಗ್ ಎಂಬ ಶಾಪಗ್ರಸ್ತ ಕತ್ತಿಯಿದೆ. ಒರೆಯಿಂದ ಹೊರಬಂದರೆ ಒಂದು ಜೀವ ಬಲಿಯಾಗಲೇಬೇಕು. ಫಿನ್ಲೆಂಡಿನ ಮಹಾಕಾವ್ಯ ಕಲೆವಾಲದ 1849ರ ಆವೃತ್ತಿಯಲ್ಲಿ ಕುಲ್ಲೆರ್ವೊ ಎಂಬ ದುರಂತ ನಾಯಕ ಸಾಯುವ ಮುನ್ನ ತನ್ನ ಕತ್ತಿಯನ್ನೇ ಕೇಳುತ್ತಾನೆ, ಪಾಪಿಯ ರಕ್ತ ಕುಡಿಯಲು ನಿನಗೆ ಒಪ್ಪಿಗೆಯೇ ಎಂದು. ಕತ್ತಿ ಒಪ್ಪಿ ಉತ್ತರ ಕೊಡುತ್ತದೆ. ಕುಲ್ಲೆರ್ವೊನ ಕಥೆಯಿಂದ ಗಾಢವಾಗಿ ಪ್ರಭಾವಿತನಾದ ಜೆ.ಆರ್.ಆರ್. ಟೋಲ್ಕಿನ್ ತನ್ನ ಟೂರಿನ್ ಕಥೆಯಲ್ಲಿ ಇಂಥದೇ ಮಾತನಾಡುವ ಕರಿಗತ್ತಿಯನ್ನು ತಂದ. ಅದು 1977ರ ಸಿಲ್ಮರಿಲಿಯನ್‌ನಲ್ಲಿ ಅಚ್ಚಾಯಿತು.

ಆಟದ ಮೇಲೆ ನೇರ ಪ್ರಭಾವ ಬೀರಿದವರು ಪೌಲ್ ಆಂಡರ್ಸನ್ ಮತ್ತು ಮೈಕೇಲ್ ಮೂರ್‌ಕಾಕ್. ಆಂಡರ್ಸನ್‌ರ ದ ಬ್ರೋಕನ್ ಸ್ವೋರ್ಡ್ ಕಾದಂಬರಿ ಬಂದದ್ದು 1954ರಲ್ಲಿ. ಮೂರ್‌ಕಾಕ್ 1961ರಲ್ಲಿ ಎಲ್ರಿಕ್ ಎಂಬ ಕೃಶ, ಬಿಳಿಚ ಚಕ್ರವರ್ತಿಯನ್ನೂ ಅವನ ಕತ್ತಿ ಸ್ಟಾರ್ಮ್‌ಬ್ರಿಂಗರ್ ಅನ್ನೂ ಸೃಷ್ಟಿಸಿದರು. ಆ ಕತ್ತಿ ಕೊಂದವರ ಆತ್ಮವನ್ನು ಹೀರಿ ಆ ಬಲವನ್ನು ಒಡೆಯನಿಗೆ ಕೊಡುತ್ತದೆ. ಒಡೆಯ ಪ್ರೀತಿಸುವವರನ್ನೂ ಬಿಡುವುದಿಲ್ಲ. ಅದಿಲ್ಲದೆ ಎಲ್ರಿಕ್ ಬದುಕಲಾರ, ಅದರೊಡನೆ ನೆಮ್ಮದಿಯಿಂದ ಇರಲಾರ. ಆಟಗಳಲ್ಲಿ ಬಂದಿರುವ ದುಷ್ಟ ಕತ್ತಿಗಳಲ್ಲಿ ಹೆಚ್ಚಿನವು ಈ ಸಂಬಂಧದ ನಕಲುಗಳೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಜನಕರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ತಮಗೆ ಸ್ಫೂರ್ತಿ ಕೊಟ್ಟ ಪುಸ್ತಕಗಳ ಪಟ್ಟಿಯನ್ನು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಅನುಬಂಧದಲ್ಲಿ ಕೊಟ್ಟಿದ್ದಾರೆ. ಈ ಇಬ್ಬರು ಲೇಖಕರೂ ಅದರಲ್ಲಿದ್ದಾರೆ.

ನಿಯಮಪುಸ್ತಕಗಳಲ್ಲಿ

ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆಟ 1974ರಲ್ಲಿ ಮೂರು ಸಣ್ಣ ಕಿರುಪುಸ್ತಕಗಳಾಗಿ ಹೊರಬಂತು. ಎರಡನೆಯ ಕಿರುಪುಸ್ತಕದಲ್ಲೇ ಕತ್ತಿಗಳಿಗೆ ಬುದ್ಧಿಯ ಅಂಕ, ಅಹಂಕಾರದ ಅಂಕ, ಧರ್ಮ-ಅಧರ್ಮದ ಒಲವು ಎಲ್ಲವೂ ಇವೆ. ಬುದ್ಧಿ ಕಡಿಮೆಯಿದ್ದರೆ ಕತ್ತಿ ಭಾವನೆಯನ್ನಷ್ಟೇ ಮುಟ್ಟಿಸುತ್ತದೆ, ಹೆಚ್ಚಿದ್ದರೆ ಮಾತನಾಡುತ್ತದೆ, ಇನ್ನೂ ಹೆಚ್ಚಿದ್ದರೆ ಮನಸ್ಸಿನಿಂದ ಮನಸ್ಸಿಗೆ ಸಂದೇಶ ಕಳಿಸುತ್ತದೆ. ಗುಪ್ತ ಬಾಗಿಲು, ಬಲೆ, ಅದೃಶ್ಯ ಶತ್ರು, ರತ್ನಗಳನ್ನು ಪತ್ತೆ ಹಚ್ಚುವ ಶಕ್ತಿಗಳೂ ಅದಕ್ಕುಂಟು. ಒಲವು ಹೊಂದದವನು ಹಿಡಿ ಮುಟ್ಟಿದರೆ ಪೆಟ್ಟು ತಿನ್ನಬೇಕು. ಇದರ ಹಿಂದೆ ಆಟದ ತೂಕ ಸರಿದೂಗಿಸುವ ಲೆಕ್ಕವೂ ಇದ್ದಂತಿದೆ. ಆಗಿನ ನಿಯಮದಲ್ಲಿ ಮಾಂತ್ರಿಕ ಕತ್ತಿ ಹಿಡಿಯಬಲ್ಲವನು ಯೋಧ ಮಾತ್ರ. ಮಾಂತ್ರಿಕನಿಗೆ ಮಂತ್ರವಿದೆ, ಪುರೋಹಿತನಿಗೆ ದೈವಬಲವಿದೆ, ಬರಿಗೈ ಯೋಧನಿಗೆ ಬುದ್ಧಿವಂತ ಕತ್ತಿಯೊಂದು ಜೊತೆಯಾಯಿತು.

1979ರ ಗೈಡ್‌ನಲ್ಲಿ ಈ ನಿಯಮ ಇನ್ನೂ ಬೆಳೆಯಿತು. ದಾಳ ಉರುಳಿಸಿ ಸಿಕ್ಕ ಮಾಂತ್ರಿಕ ಕತ್ತಿಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಬುದ್ಧಿ ಇರುತ್ತಿತ್ತು. ಕತ್ತಿಯ ಬುದ್ಧಿ ಮತ್ತು ಅಹಂಕಾರದ ಮೊತ್ತ ಒಂದು ಕಡೆ, ಪಾತ್ರದ ಬುದ್ಧಿ, ವರ್ಚಸ್ಸು ಮತ್ತು ಹಂತದ ಮೊತ್ತ ಇನ್ನೊಂದು ಕಡೆ. ಪೆಟ್ಟು ತಿಂದಷ್ಟೂ ಪಾತ್ರದ ಮೊತ್ತ ಇಳಿಯುತ್ತಿತ್ತು. ನಾಯಕ ರಕ್ತ ಸುರಿಸುತ್ತಾ ನಿಂತಾಗಲೇ ಕತ್ತಿ ಅವನನ್ನು ಆಳಲು ಮುಂದಾಗುವಂತೆ ಮಾಡಿದ ಈ ಲೆಕ್ಕ ಇಡೀ ನಿಯಮದ ಅತ್ಯುತ್ತಮ ಭಾಗ ಎನ್ನಬೇಕು. ನಂತರದ ಆವೃತ್ತಿಗಳು ಇದನ್ನು ಕೈಬಿಟ್ಟದ್ದು ನಷ್ಟವೇ.

2000ರ ಮೂರನೇ ಆವೃತ್ತಿ ಮತ್ತು ಅದರ ನಿಯಮಗಳ ಮೇಲೆ ಕಟ್ಟಿದ ಪಾತ್‌ಫೈಂಡರ್ ಅಹಂಕಾರದ ಅಂಕಕ್ಕೆ ಈಗೋ ಎಂಬ ಹೆಸರನ್ನೇ ಉಳಿಸಿಕೊಂಡವು. ಬುದ್ಧಿಯುಳ್ಳ ವಸ್ತುವನ್ನು ಅವು ಜೀವಿಯೆಂದೇ ಪರಿಗಣಿಸುತ್ತವೆ. ಅಭಿಪ್ರಾಯಭೇದ ಬಂದಾಗ ಪಾತ್ರ ಈಗೋ ಅಂಕವನ್ನು ಮುಟ್ಟುವಂತೆ ದಾಳ ಎಸೆಯಬೇಕು. ಸೋತರೆ ಸಾಮಾನ್ಯವಾಗಿ ಒಂದು ದಿನದ ಮಟ್ಟಿಗೆ ಆಯುಧದ್ದೇ ಮೇಲುಗೈ. ಈಗೋ 20 ಅಥವಾ ಅದಕ್ಕಿಂತ ಹೆಚ್ಚಿರುವ ಆಯುಧ ತನ್ನನ್ನು ಹಿಡಿದವನಿಗಿಂತ ತಾನೇ ದೊಡ್ಡವನು ಎಂದು ಯಾವಾಗಲೂ ಭಾವಿಸುತ್ತದೆ.

2014ರ ಐದನೇ ಆವೃತ್ತಿಯಲ್ಲಿ ಈಗೋ ಅಂಕ ಇಲ್ಲ. ಪಾತ್ರ ಆಯುಧದ ಗುರಿಗೆ ವಿರುದ್ಧವಾಗಿ ನಡೆದಾಗ ಇಬ್ಬರೂ ವರ್ಚಸ್ಸಿನ ದಾಳ ಉರುಳಿಸುತ್ತಾರೆ. ಆಯುಧ ಗೆದ್ದರೆ ಬೇಡಿಕೆ ಇಡುತ್ತದೆ. ಬೇಡಿಕೆಗೆ ಕಿವಿಗೊಡದಿದ್ದರೆ ತನ್ನ ಶಕ್ತಿಯನ್ನು ತಡೆಹಿಡಿಯಬಹುದು ಇಲ್ಲವೇ ಪಾತ್ರವನ್ನೇ ವಶಕ್ಕೆ ತೆಗೆದುಕೊಳ್ಳಲು ಯತ್ನಿಸಬಹುದು. ಆಗ ಪಾತ್ರ ಮುಟ್ಟಬೇಕಾದ ಅಂಕ 12ಕ್ಕೆ ಆಯುಧದ ವರ್ಚಸ್ಸಿನ ಬೋನಸ್ ಸೇರಿಸಿದಷ್ಟು. ಸೋತರೆ 1ರಿಂದ 12 ಗಂಟೆ ಕಾಲ ಅದು ಹೇಳಿದಂತೆ ಕೇಳಬೇಕು. ನಡುವೆ ಪೆಟ್ಟು ಬಿದ್ದರೆ ಬಿಡಿಸಿಕೊಳ್ಳಲು ಮತ್ತೊಂದು ಅವಕಾಶ. ಆಯುಧದ ವಿಶೇಷ ಶಕ್ತಿಗಳ ಲಗಾಮು ಆಯುಧದ ಬಳಿಯೇ ಇರುತ್ತದೆ, ಹಿಡಿದವನೊಡನೆ ಸಂಬಂಧ ಚೆನ್ನಾಗಿದ್ದರೆ ಮಾತ್ರ ಅವು ಒದಗುತ್ತವೆ ಎಂಬ ಮಾತೂ ಅದೇ ನಿಯಮದಲ್ಲಿದೆ. ಈ ಕೊನೆಯ ಸಾಲನ್ನು ಬಹಳ ಮಂದಿ ಓದದೆ ದಾಟಿಬಿಡುತ್ತಾರೆ. ಸಂಘಟಿತ ಆಟಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಸಾಲು.

ವೈಟ್ ಪ್ಲೂಮ್ ಪರ್ವತದ ಮೂರು ಆಯುಧಗಳು

ಮಾತನಾಡುವ ಆಯುಧಗಳ ಚರಿತ್ರೆಯಲ್ಲಿ 1979ರ ವೈಟ್ ಪ್ಲೂಮ್ ಮೌಂಟನ್ ಎಂಬ ಸಾಹಸಕಥೆಗೆ ವಿಶೇಷ ಸ್ಥಾನವಿದೆ. ಬರೆದವರು ಲಾರೆನ್ಸ್ ಶಿಕ್. ಆಟದ ಪ್ರಕಾಶಕ ಸಂಸ್ಥೆ ಟಿಎಸ್ಆರ್‌ನಲ್ಲಿ ಕೆಲಸ ಕೇಳುವಾಗ ಮಾದರಿಯಾಗಿ ಕಳಿಸಿದ ಬರಹ ಇದು; ಕೆಲಸವೂ ಸಿಕ್ಕಿತು, ಬರಹವೂ ಅಚ್ಚಾಯಿತು. ಕಳುವಾದ ಮೂರು ಆಯುಧಗಳನ್ನು ಜ್ವಾಲಾಮುಖಿಯ ಒಡಲಿನಿಂದ ತರುವುದು ಇದರ ಕಥೆ: ವೇವ್ ಎಂಬ ತ್ರಿಶೂಲ, ವೆಲ್ಮ್ ಎಂಬ ಸುತ್ತಿಗೆ, ಬ್ಲ್ಯಾಕ್‌ರೇಜರ್ ಎಂಬ ಕರಿಗತ್ತಿ. ಬ್ಲ್ಯಾಕ್‌ರೇಜರ್ ಸ್ಟಾರ್ಮ್‌ಬ್ರಿಂಗರ್‌ನ ತೀರಾ ಹತ್ತಿರದ ನಕಲು ಎಂಬ ಮುಜುಗರವನ್ನು ಶಿಕ್ ನಂತರ ಹೇಳಿಕೊಂಡಿದ್ದಾರೆ.

ಮೂರಕ್ಕೂ ಸ್ವಭಾವ ಬೇರೆ ಬೇರೆ. ವೇವ್ ಸಮುದ್ರದೇವತೆಯ ಕಟ್ಟಾ ಭಕ್ತ. ಹಿಡಿದವನೂ ಅದೇ ದೇವರನ್ನು ಪೂಜಿಸಲಿ ಎಂದು ಪಟ್ಟು ಹಿಡಿಯುತ್ತದೆ. ಕುಳ್ಳಜನರ ವೆಲ್ಮ್ ಹಿಡಿದವನಿಗೆ ಬಯಲಿನ ಭಯ ಅಂಟುತ್ತದೆ. 2014ರ ಗೈಡ್‌ನ ಪ್ರಕಾರ ಹಗಲಿನ ಆಕಾಶದ ಕೆಳಗೆ ಅವನ ಏಟು ಗುರಿ ತಪ್ಪುವುದೇ ಹೆಚ್ಚು. ಬ್ಲ್ಯಾಕ್‌ರೇಜರ್ ಅಪ್ಪಣೆ ಕೊಟ್ಟು ರೂಢಿಯಿರುವವನ ದನಿಯಲ್ಲಿ ಮಾತನಾಡುತ್ತದೆ. ಅದರ ವರ್ಚಸ್ಸು 19, ಆದ್ದರಿಂದ ವಶವಾಗದೆ ಉಳಿಯಲು 16 ಮುಟ್ಟಬೇಕು. ಅದಕ್ಕೆ ಆತ್ಮಗಳ ಹಸಿವು. ಮೂರು ದಿನ ಒಂದೂ ಆತ್ಮ ಸಿಗದಿದ್ದರೆ ಮುಂದಿನ ಸೂರ್ಯಾಸ್ತಕ್ಕೆ ಒಡೆಯನೊಡನೆ ಜಗಳ ತೆಗೆಯುತ್ತದೆ.

ಮನೆಯ ಆಟದಲ್ಲಿ ಆ ಮೂರು ದಿನದ ಗಡುವು ರೋಮಾಂಚಕ. ಸಂಘಟಿತ ಆಟದಲ್ಲಿ ಅದೇ ದೊಡ್ಡ ಕಗ್ಗಂಟು. 2014ರಲ್ಲಿ ಆರಂಭವಾದ ಡಿ ಅಂಡ್ ಡಿ ಅಡ್ವೆಂಚರರ್ಸ್ ಲೀಗ್‌ನ ಮೊದಲ ವರ್ಷಗಳಲ್ಲಿ ನಾಲ್ಕು ಗಂಟೆಯ ಒಂದು ಸಾಹಸ ಮುಗಿಸಿದ ಪಾತ್ರಕ್ಕೆ 10 ಬಿಡುವಿನ ದಿನಗಳು ಲೆಕ್ಕಕ್ಕೆ ಸೇರುತ್ತಿದ್ದವು. ಆ ಹತ್ತು ದಿನ ಪಾತ್ರ ಯಾವ ಡಂಜನ್ ಮಾಸ್ಟರ್‌ನ ಸುಪರ್ದಿಯಲ್ಲೂ ಇರುವುದಿಲ್ಲ. ಹಸಿದ ಕತ್ತಿಯೊಂದು ಆ ಅವಧಿಯಲ್ಲಿ ಏನು ಮಾಡಿತು? ದಾಳ ಉರುಳಿಸಲು ಯಾರೂ ಇಲ್ಲ. ಎರಡು ಆಟಗಳ ನಡುವೆ ಕತ್ತಿ ಸುಮ್ಮನಿತ್ತು ಎಂದು ಎಲ್ಲರೂ ಒಪ್ಪಿಕೊಂಡು ಮುಂದೆ ಹೋಗುವುದೊಂದೇ ದಾರಿ. ಗಡಿಯಾರ ನೋಡುವ ಆಯುಧಗಳೆಲ್ಲ ಸಂಘಟಿತ ಆಟದಲ್ಲಿ ಹೀಗೆ ಅರ್ಧ ಹಲ್ಲು ಕಳೆದುಕೊಳ್ಳುತ್ತವೆ.

ಸಂಘಟಿತ ಆಟದ ರೀತಿ

ಸಂಘಟಿತ ಆಟದ ಬೇರು ಸ್ಪರ್ಧೆಗಳಲ್ಲಿದೆ. 1975ರ ಒರಿಜಿನ್ಸ್ ಸಮಾವೇಶದಲ್ಲಿ ಗೈಗ್ಯಾಕ್ಸ್‌ರ ಟೂಂಬ್ ಆಫ್ ಹಾರರ್ಸ್ ಸ್ಪರ್ಧಾ ಸಾಹಸವಾಗಿ ನಡೆಯಿತು. 1980ರಲ್ಲಿ ಟಿಎಸ್ಆರ್ ಆರ್‌ಪಿಜಿಎ ಎಂಬ ಆಟಗಾರರ ಸಂಘ ಸ್ಥಾಪಿಸಿತು. ನಿಜವಾದ ತಿರುವು 1987ರಲ್ಲಿ ಶುರುವಾದ ಲಿವಿಂಗ್ ಸಿಟಿ. ರೇವನ್ಸ್ ಬ್ಲಫ್ ಎಂಬ ಕಾಲ್ಪನಿಕ ನಗರವನ್ನು ಸಾವಿರಾರು ಜನ ಹಂಚಿಕೊಂಡರು. ಒಂದು ಸಮಾವೇಶದಲ್ಲಿ ಆಡಿದ ಪಾತ್ರ ಇನ್ನೊಂದು ಊರಿನ ಮೇಜಿಗೂ ಹೋಗಬಹುದಾಗಿತ್ತು. ಮಾಂತ್ರಿಕ ವಸ್ತು ಸಿಕ್ಕರೆ ಅದಕ್ಕೊಂದು ಕಾಗದದ ಪ್ರಮಾಣಪತ್ರ ಸಿಗುತ್ತಿತ್ತು. ಪತ್ರ ಇದ್ದರೆ ವಸ್ತು ಉಂಟು, ಪತ್ರ ಕಳೆದರೆ ವಸ್ತುವೂ ಇಲ್ಲ. 2000ರಿಂದ 2008ರವರೆಗೆ ನಡೆದ ಲಿವಿಂಗ್ ಗ್ರೇಹಾಕ್, 2008ರಲ್ಲಿ ಪೈಜೊ ಸಂಸ್ಥೆ ಆರಂಭಿಸಿದ ಪಾತ್‌ಫೈಂಡರ್ ಸೊಸೈಟಿ, ಅನಂತರದ ಅಡ್ವೆಂಚರರ್ಸ್ ಲೀಗ್ ಇವೆಲ್ಲ ಅದೇ ದಾರಿ ಹಿಡಿದವು. ಸೊಸೈಟಿಯಲ್ಲಿ ಪ್ರತಿ ಆಟದ ಕೊನೆಗೆ ಕ್ರಾನಿಕಲ್ ಶೀಟ್ ಸಿಗುತ್ತದೆ, ಲೀಗ್‌ನಲ್ಲಿ ಆಟಗಾರನೇ ಲಾಗ್‌ಶೀಟ್ ಬರೆದಿಡುತ್ತಾನೆ.

ಈ ಕಾಗದಗಳು ಆಯುಧದ ಬೋನಸ್, ಬೆಲೆ, ಶಕ್ತಿಗಳನ್ನು ಚೆನ್ನಾಗಿ ಹೊತ್ತೊಯ್ಯುತ್ತವೆ. ಸ್ವಭಾವವನ್ನು ಹೊತ್ತೊಯ್ಯುವುದಿಲ್ಲ. ಕಳೆದ ಆಟದಲ್ಲಿ ಕತ್ತಿ ಯಾರ ಮೇಲೆ ಮುನಿಸಿಕೊಂಡಿತು, ಯಾವ ಮಾತು ಕೊಟ್ಟಿತು ಎಂಬುದಕ್ಕೆ ಅದರಲ್ಲಿ ಅಂಕಣವೇ ಇಲ್ಲ. ಸಂಘಟಿತ ಆಟದಲ್ಲಿ ಮಾತನಾಡುವ ಆಯುಧ ಎದುರಿಸುವ ಮುಖ್ಯ ತೊಂದರೆ ಇದು. ಉಳಿದವೆಲ್ಲ ಇದರ ಮುಂದೆ ಚಿಕ್ಕವು.

ಧ್ವನಿ ಯಾರದು

ಪಾತ್‌ಫೈಂಡರ್‌ಗೆ 2011ರಲ್ಲಿ ಬಂದ ಮೇಗಸ್ ಎಂಬ ವರ್ಗದಲ್ಲಿ ಬ್ಲೇಡ್‌ಬೌಂಡ್ ಎಂಬ ಕವಲಿದೆ. ಕತ್ತಿ ಹಿಡಿದೇ ಮಂತ್ರ ಹಾಕುವ ಈ ಪಾತ್ರಕ್ಕೆ 3ನೇ ಹಂತದಲ್ಲಿ ಬ್ಲ್ಯಾಕ್ ಬ್ಲೇಡ್ ಎಂಬ ಬುದ್ಧಿಯುಳ್ಳ ಆಯುಧ ದೊರೆಯುತ್ತದೆ. ಅದು ಒಡೆಯನೊಡನೆ ಮನಸ್ಸಿನಲ್ಲೇ ಮಾತನಾಡುತ್ತದೆ, ಅವನ ಹಂತ ಏರಿದಂತೆ ಅದರ ಬುದ್ಧಿಯೂ ಈಗೋವೂ ಏರುತ್ತವೆ. ನಿಧಿಯಲ್ಲಿ ಅಕಸ್ಮಾತ್ತಾಗಿ ಸಿಗುವ ವಸ್ತು ಇದಲ್ಲ, ವರ್ಗದ ಜೊತೆಗೇ ಬರುವ ಹಕ್ಕು. ಹಾಗಾಗಿ ಸೊಸೈಟಿಯ ಮೊದಲ ಆವೃತ್ತಿಯ ಮೇಜುಗಳಲ್ಲಿ ಮಾತನಾಡುವ ಕತ್ತಿ ಎಂದರೆ ಬಹುಪಾಲು ಇದೇ ಆಗಿತ್ತು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಸೊಸೈಟಿಯ ಮೊದಲ ಆವೃತ್ತಿಯಲ್ಲಿ ಸಾಮಾನ್ಯ ಗತಿಯಲ್ಲಿ ಮೂರು ಸಾಹಸಕ್ಕೆ ಒಂದು ಹಂತ. 3ನೇ ಹಂತಕ್ಕೆ 6 ಸಾಹಸ, 12ನೇ ಹಂತಕ್ಕೆ 33. ಅಂದರೆ ಕತ್ತಿ ಕೈಗೆ ಬಂದ ಮೇಲೆ ಸುಮಾರು 27 ಆಟ. ಇಪ್ಪತ್ತೇಳಕ್ಕೂ ಬೇರೆ ಬೇರೆ ನಿರ್ವಾಹಕರು, ಅಂದರೆ ಆಟ ನಡೆಸುವವರು, ಸಿಗಬಹುದು. ತಾಳಮದ್ದಳೆಯಲ್ಲಿ ಇಂದು ಒಬ್ಬ ಅರ್ಥಧಾರಿ ಹೇಳಿದ ಕರ್ಣನನ್ನು ನಾಳೆ ಇನ್ನೊಬ್ಬರು ಹೇಳುತ್ತಾರೆ; ಆದರೆ ಕರ್ಣ ಯಾರೆಂಬುದು ಇಬ್ಬರಿಗೂ ಗೊತ್ತು, ಪ್ರಸಂಗದ ಪದ್ಯವೂ ಎದುರಿಗಿದೆ. ಸೊಸೈಟಿಯ ನಿರ್ವಾಹಕನಿಗೆ ಆ ಅನುಕೂಲ ಇಲ್ಲ. ನಿನ್ನೆಯ ಮೇಜಿನಲ್ಲಿ ತಾಯಿಯಂತೆ ಗದರಿಸಿದ ಕತ್ತಿ ಇಂದು ಸಿಪಾಯಿಯಂತೆ ಕೂಗಿದರೆ ಆಟಗಾರನಿಗೆ ತನ್ನ ಸಂಗಾತಿಯೇ ಬದಲಾದಂತೆ ಅನ್ನಿಸುತ್ತದೆ. ಬಹಳ ಸಲ ಇದಕ್ಕಿಂತ ಕೆಟ್ಟದ್ದು ಆಗುತ್ತದೆ: ನಿರ್ವಾಹಕನಿಗೆ ಕತ್ತಿಯ ನೆನಪೇ ಇರುವುದಿಲ್ಲ, ಅದು ನಾಲ್ಕು ಗಂಟೆಯೂ ಮೂಕವಾಗಿ ಉಳಿಯುತ್ತದೆ.

ಪುಸ್ತಕದ ನಿಯಮ ಧ್ವನಿಯನ್ನು ನಿರ್ವಾಹಕನಿಗೆ ಕೊಟ್ಟಿದೆ. ರೂಢಿಯಲ್ಲಿ ಮೂರು ದಾರಿಗಳು ಬೆಳೆದಿವೆ. ಕೆಲವರು ಸ್ವಂತ ಕತ್ತಿಯ ಮಾತನ್ನೂ ತಾವೇ ಆಡುತ್ತಾರೆ. ಇದರಿಂದ ಸ್ವಭಾವ ಉಳಿಯುತ್ತದೆ, ಆದರೆ ಒಬ್ಬನೇ ತನ್ನೊಡನೆ ತಾನೇ ಹರಟುವುದನ್ನು ಉಳಿದ ಐವರು ನೋಡುತ್ತಾ ಕೂರಬೇಕಾಗುತ್ತದೆ. ಕೆಲವರು ಪೂರ್ತಿ ನಿರ್ವಾಹಕನಿಗೇ ಬಿಡುತ್ತಾರೆ. ಮೂರನೆಯ ದಾರಿ ಪಕ್ಕದಲ್ಲಿ ಕೂತ ಇನ್ನೊಬ್ಬ ಆಟಗಾರನಿಗೆ ಕತ್ತಿಯ ಧ್ವನಿ ಒಪ್ಪಿಸುವುದು. ಇದೇ ಅತ್ಯುತ್ತಮ. ರಾಕ್ಷಸರು, ಊರಜನ, ಹವಾಮಾನ ಎಲ್ಲವನ್ನೂ ನೋಡಿಕೊಳ್ಳುವ ನಿರ್ವಾಹಕನ ಹೊರೆ ತಗ್ಗುತ್ತದೆ, ತನ್ನ ಸರದಿ ಕಾಯುತ್ತಿದ್ದ ಒಬ್ಬನಿಗೆ ಕೆಲಸ ಸಿಗುತ್ತದೆ, ಸಂಭಾಷಣೆ ನಿಜವಾಗಿ ಇಬ್ಬರ ನಡುವೆ ನಡೆಯುತ್ತದೆ. ಜಗಳ, ಬೇಡಿಕೆ, ವಶೀಕರಣದ ದಾಳ ಮಾತ್ರ ನಿರ್ವಾಹಕನ ಬಳಿಯೇ ಇರಬೇಕು.

ಡಾನ್‌ಬ್ರಿಂಗರ್: ಒಂದು ಉದಾಹರಣೆ

ಲೀಗ್‌ನ ಮೂರನೇ ಋತುವಿಗೆ ಆಧಾರವಾದ 2015ರ ಔಟ್ ಆಫ್ ದ ಅಬಿಸ್ ಸಾಹಸದಲ್ಲಿ ಪಾತ್ರಗಳು ಡ್ರೌ ಎಂಬ ಜನರ ಸೆರೆಯಾಳುಗಳಾಗಿ, ಬರಿಗೈಯಲ್ಲಿ, ನೆಲದಡಿಯ ಕತ್ತಲ ಲೋಕದಲ್ಲಿ ಕಣ್ಣು ತೆರೆಯುತ್ತವೆ. ಆ ಲೋಕದ ಮರೆತುಹೋದ ಸಮಾಧಿಯೊಂದರಲ್ಲಿ ಡಾನ್‌ಬ್ರಿಂಗರ್ ಇದೆ. ನೋಡಲು ಬರಿಯ ಹಿಡಿ. ಎಚ್ಚರಿಸಿದರೆ ಅಲಗಿನ ಜಾಗದಲ್ಲಿ ಸೂರ್ಯನ ಬೆಳಕು ಮೂಡುತ್ತದೆ. ಕರುಣೆ ತುಂಬಿದ ಹೆಣ್ಣುದನಿ. ಯುಗಗಟ್ಟಲೆ ಒಂಟಿಯಾಗಿ ಬಿದ್ದಿದ್ದ ಕತ್ತಿ ಬಿಡಿಸಿದವರಿಗೆ ಕೃತಜ್ಞವಾಗಿದೆ. ಜೊತೆಗೇ, ಕತ್ತಲ ಭಯ, ಮತ್ತೆ ಕೈಬಿಟ್ಟಾರು ಎಂಬ ಭಯ ಎರಡೂ ಅದರೊಳಗೆ ಕೂತಿವೆ. ಮುಟ್ಟಿ ಕಾಯಿಲೆ ಇಳಿಸುವ ಶಕ್ತಿಯೂ ಅದಕ್ಕುಂಟು, ಬೆಳಗಿನಿಂದ ಬೆಳಗಿಗೆ ಒಂದು ಸಲ.

ಪುಸ್ತಕ ಕೊಡುವುದು ಇಷ್ಟು ಸಾಲು. ಮೇಜಿನಲ್ಲಿ ಇದು ಹೇಗೆ ಬೆಳೆಯಬಲ್ಲದು ಎಂಬುದಕ್ಕೆ ಕಲ್ಪಿತ ಸನ್ನಿವೇಶವೊಂದನ್ನು ನೋಡಬಹುದು. ಡ್ರೌ ಕಾವಲುಪಡೆ ಸುರಂಗದಲ್ಲಿ ಹತ್ತಿರ ಬರುತ್ತಿದೆ. ತಂಡ ಬಂಡೆಯ ಹಿಂದೆ ಅಡಗಬೇಕು, ಬೆಳಕು ಆರಿಸಬೇಕು. ಕತ್ತಿ ಹಿಡಿದ ಆಟಗಾರ್ತಿ ಅಲಗು ಆರಿಸುತ್ತೇನೆ ಎನ್ನುತ್ತಾಳೆ. ಕತ್ತಿಯ ಧ್ವನಿ ವಹಿಸಿಕೊಂಡವನು ಮೆಲ್ಲಗೆ ಹೇಳುತ್ತಾನೆ: “ಮಗಳೇ, ಹೋದ ಸಲ ಬೆಳಕು ಆರಿಸಿದವನೂ ಈಗ ಬರ್ತೀನಿ ಅಂದಿದ್ದ.” ಆಟಗಾರ್ತಿ ತುಸು ಯೋಚಿಸಿ, “ನನ್ನ ಕೈ ಹಿಡಿಯ ಮೇಲೇ ಇರ್ತದೆ, ಬಿಡೋದಿಲ್ಲ” ಎನ್ನುತ್ತಾಳೆ. ನಿರ್ವಾಹಕ ದಾಳ ಕೇಳುವುದಿಲ್ಲ; ಕತ್ತಿ ಒಪ್ಪಿತು ಎಂದು ಮುಂದುವರಿಸುತ್ತಾನೆ. ಅರ್ಧ ನಿಮಿಷದ ಮಾತು. ಯುದ್ಧಕ್ಕೆ ಇದರಿಂದ ಒಂದು ಅಂಕದ ವ್ಯತ್ಯಾಸವೂ ಆಗಲಿಲ್ಲ, ಆದರೆ ಮುಂದಿನ ಆಟದಲ್ಲಿ ಆಟಗಾರ್ತಿ ಕತ್ತಿಯನ್ನು ನೆಲದ ಮೇಲೆ ಇಟ್ಟು ಎರಡೂ ಕೈಯಲ್ಲಿ ಗೋಡೆ ಹತ್ತಬೇಕಾಗಿ ಬಂದರೆ ಆ ಮಾತಿಗೆ ತೂಕ ಬರುತ್ತದೆ. ಲಾಗ್‌ಶೀಟಿನ ಅಂಚಿನಲ್ಲಿ ಆಕೆ ಬರೆಯಬೇಕಾದದ್ದು ಒಂದೇ ವಾಕ್ಯ: ಕೈ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಹಟ ಮತ್ತು ನಿಷೇಧ

ಸಂಘಟಿತ ಆಟ ಅಪರಿಚಿತರನ್ನು ಒಂದೇ ಮೇಜಿಗೆ ಕೂರಿಸುವುದರಿಂದ ಕೆಲವು ಕಟ್ಟುಪಾಡುಗಳನ್ನು ಬಿಗಿಯಾಗಿ ಇಟ್ಟುಕೊಂಡಿದೆ. ಪಾತ್‌ಫೈಂಡರ್ ಸೊಸೈಟಿಯ ಮೊದಲ ಆವೃತ್ತಿಯಲ್ಲಿ ದುಷ್ಟ ಒಲವಿನ ಪಾತ್ರಗಳಿಗೆ ಪ್ರವೇಶವಿರಲಿಲ್ಲ, ಜೊತೆಗಾರನ ಮೇಲೆ ಕೈಮಾಡುವಂತಿರಲಿಲ್ಲ. ಲೀಗ್ ಆರಂಭದ ವರ್ಷಗಳಲ್ಲಿ ಎರಡು ನಿರ್ದಿಷ್ಟ ಬಣಗಳ ಸದಸ್ಯರಿಗೆ ಮಾತ್ರ, ಅದೂ ಕಟ್ಟಳೆ ಮೀರದ ದುಷ್ಟರಿಗೆ ಮಾತ್ರ, ಅವಕಾಶ ಕೊಟ್ಟಿತ್ತು.

ಆದರೆ ಲೀಗ್‌ನ ಮೊಟ್ಟಮೊದಲ ಋತುವಿನಲ್ಲೇ, 2014ರ ಹೋರ್ಡ್ ಆಫ್ ದ ಡ್ರ್ಯಾಗನ್ ಕ್ವೀನ್‌ನಲ್ಲಿ, ಹ್ಯಾಜಿರಾನ್ ಎಂಬ ದುಷ್ಟ ದೊಡ್ಡಗತ್ತಿ ಇತ್ತು. ರೆಜ್ಮಿರ್ ಎಂಬ ಅರೆಡ್ರ್ಯಾಗನ್ ಖಳನಾಯಕಿಯ ಆಯುಧ ಅದು. ಅವಳನ್ನು ಸೋಲಿಸಿದರೆ ಕತ್ತಿ ಪಾತ್ರಗಳ ಕೈಗೆ ಸಿಗಬಹುದು. ಬರಿದೆ ಹಿಡಿದರೂ +1, ಅಟ್ಯೂನ್‌ಮೆಂಟ್, ಅಂದರೆ ಅದರೊಡನೆ ಮಾಂತ್ರಿಕ ನಂಟು, ಮಾಡಿಕೊಂಡರೆ +2, ಅದು ಮಾಡಿದ ಗಾಯ ಸುಲಭಕ್ಕೆ ಮಾಯುವುದೂ ಇಲ್ಲ. ಯಾವ ಯೋಧ ಬಿಟ್ಟಾನು? ಒಳ್ಳೆಯ ಪಾತ್ರದ ಕೈಯಲ್ಲಿ ಕೆಟ್ಟ ಕತ್ತಿ ಎಂಬ ಈ ಸ್ಥಿತಿಯಲ್ಲಿ ವಶೀಕರಣದ ನಿಯಮವನ್ನು ಅಕ್ಷರಶಃ ನಡೆಸಿದರೆ ಕತ್ತಿ ತಂಡದವರನ್ನೇ ಕಡಿಸಬಹುದು. ಅದು ಕಟ್ಟುಪಾಡಿಗೆ ವಿರುದ್ಧ. ಪೂರ್ತಿ ಬಿಟ್ಟುಬಿಟ್ಟರೆ ಅದು ಬರೀ ಬೋನಸ್ ಕೊಡುವ ಕಬ್ಬಿಣ. ಇಲ್ಲಿ ಒದಗುವುದು ಮೊದಲು ಹೇಳಿದ ಸಾಲೇ: ಶಕ್ತಿ ಆಯುಧದ ವಶದಲ್ಲಿದೆ. ಕತ್ತಿ ಒಡೆಯನನ್ನು ಆಳಬೇಕಾಗಿಲ್ಲ, ಮುನಿಸಿಕೊಂಡರೆ ಸಾಕು. ಶರಣಾದ ಶತ್ರುವನ್ನು ಬಿಟ್ಟುಕಳಿಸಿದ ಯೋಧನಿಗೆ ಮುಂದಿನ ಒಂದು ಕಾಳಗದಲ್ಲಿ ಅದು ತನ್ನ ವಿಶೇಷ ಶಕ್ತಿಯನ್ನು ಕೊಡದಿರಲಿ. ಶಿಕ್ಷೆ ಅವನೊಬ್ಬನಿಗೇ ಬೀಳುತ್ತದೆ, ಪಕ್ಕದವರಿಗೆ ತೊಂದರೆಯಿಲ್ಲ, ಕತ್ತಿಯ ಸ್ವಭಾವವೂ ಉಳಿಯುತ್ತದೆ. ದಬ್ಬಾಳಿಕೆಯ ಕತ್ತಿ ಸಂಘಟಿತ ಆಟದಲ್ಲಿ ಬಾಳುವುದಿಲ್ಲ. ಅಲ್ಲಿ ಬಾಳುವುದು ಚೌಕಾಸಿ ಮಾಡುವ ಕತ್ತಿ.

ಒಂದೇ ಕತ್ತಿ, ನೂರು ಕೈ

ಡಾನ್‌ಬ್ರಿಂಗರ್ ಕಥೆಯ ಪ್ರಕಾರ ಜಗತ್ತಿಗೊಂದೇ. ಆದರೆ ಆ ಸಾಹಸ ನಡೆದ ಪ್ರತಿ ಮೇಜಿನಿಂದ ಒಂದೊಂದು ಹೊರಬರುತ್ತದೆ. ಆರಂಭದ ನಿಯಮದಲ್ಲಿ ಒಂದು ಮೇಜಿಗೆ ಒಂದೇ. ಹಲವರು ಬಯಸಿದರೆ ಶಾಶ್ವತ ಮಾಂತ್ರಿಕ ವಸ್ತುಗಳು ಕಡಿಮೆ ಇರುವ ಪಾತ್ರಕ್ಕೆ ಸಲ್ಲುತ್ತಿತ್ತು. 2018ರಲ್ಲಿ ನಿಯಮ ಬದಲಾಗಿ, ಸಿಕ್ಕ ವಸ್ತುವನ್ನು ಮೇಜಿನ ಎಲ್ಲರೂ ತಮ್ಮ ಅಂಕ ವ್ಯಯಿಸಿ ಪಡೆಯುವಂತಾಯಿತು. ವಸ್ತುವಿಗಾಗಿ ನಡೆಯುತ್ತಿದ್ದ ಮನಸ್ತಾಪ ತಪ್ಪಿತು, ಅದು ಒಳ್ಳೆಯದೇ. ಬಾಯಿಯಿಲ್ಲದ ಕವಚಕ್ಕೆ ಈ ಏರ್ಪಾಡು ಚೆನ್ನಾಗಿ ಹೊಂದುತ್ತದೆ. ಒಂದೇ ಹೆಸರಿನ, ಒಂದೇ ಪೂರ್ವಕಥೆಯ ಎರಡು ಕತ್ತಿಗಳು ಒಂದೇ ಮೇಜಿನಲ್ಲಿ ಎದುರಾದರೆ ಮಾತ್ರ ಕಥೆ ಮುಗ್ಗರಿಸುತ್ತದೆ.

ಅನುಭವಿ ಆಟಗಾರರು ಇದಕ್ಕೆ ಹೆಸರು ಬದಲಿಸುವ ಉಪಾಯ ಮಾಡುತ್ತಾರೆ. ಅಂಕಗಳು ಅವೇ ಇರಲಿ, ಕತ್ತಿ ಇನ್ನೊಂದು ಎಂದು ಒಪ್ಪಿಕೊಂಡರೆ ಆಯಿತು. ಇಬ್ಬರೂ ಹಳೆಯ ಹೆಸರನ್ನೇ ಬಿಡದಿದ್ದರೆ ಆ ದಿನದ ಮಟ್ಟಿಗೆ ಒಂದು ಕತ್ತಿ ಮೌನ ವಹಿಸುವುದು ಲೇಸು.

ಬಳಕೆಯ ಕೆಲವು ಸಂಗತಿಗಳು

ಲೀಗ್‌ನಲ್ಲಿ ಒಂದು ಮೇಜಿಗೆ 3ರಿಂದ 7 ಆಟಗಾರರು. ಆರು ಜನರಿದ್ದು, ಕಥನಕ್ಕೂ ರಾಕ್ಷಸರಿಗೂ ಬೇಕಾದ ಸಮಯ ಕಳೆದರೆ ನಾಲ್ಕು ಗಂಟೆಯಲ್ಲಿ ಒಬ್ಬೊಬ್ಬರ ಪಾಲಿಗೆ ಉಳಿಯುವುದು ಬಹಳ ಕಡಿಮೆ. ಕತ್ತಿಯ ಮಾತು ಒಡೆಯನ ಪಾಲಿನಿಂದಲೇ ಖರ್ಚಾಗಬೇಕು. ಒಂದು ಆಟದಲ್ಲಿ ಮೂರು ನಾಲ್ಕು ಮಾತು ಸಾಕು, ಪ್ರತಿ ಏಟಿಗೂ ಟೀಕೆ ಬೇಡ.

ಆಯುಧದ ಇಂದ್ರಿಯಗಳ ಬಗ್ಗೆ ತಕರಾರು ಏಳುವುದು ಹೆಚ್ಚು. ಬ್ಲ್ಯಾಕ್‌ರೇಜರ್ 120 ಅಡಿ ದೂರದವರೆಗೆ ಕತ್ತಲಲ್ಲೂ ಕಾಣಬಲ್ಲದು. ಒರೆಯಲ್ಲಿದ್ದಾಗಲೂ ಕಾಣುತ್ತದೆಯೇ, ಒಡೆಯ ಮಲಗಿದಾಗ ಕಾವಲು ಕಾಯುತ್ತದೆಯೇ ಎಂಬ ಪ್ರಶ್ನೆಗೆ ನಿರ್ವಾಹಕರು ಬೇರೆ ಬೇರೆ ಉತ್ತರ ಕೊಡುತ್ತಾರೆ. ಆಟ ಶುರುವಾಗುವ ಮೊದಲೇ ಕೇಳಿ ತಿಳಿದುಕೊಂಡರೆ ನಡುವೆ ವಾದ ಹುಟ್ಟುವುದಿಲ್ಲ. ಬಾಯಿಬಿಟ್ಟು ಮಾತನಾಡುವ ಕತ್ತಿಯ ದನಿ ಶತ್ರುವಿಗೂ ಕೇಳಿಸುತ್ತದೆ. ಮನಸ್ಸಿನಲ್ಲಿ ಮಾತನಾಡುವ ಕತ್ತಿ ಗುಟ್ಟು ಕಾಪಾಡುತ್ತದೆ, ಆದರೆ ಜೊತೆಗಾರರಿಗೂ ಕೇಳಿಸದು; ಅದರ ಮಾತನ್ನು ಒಡೆಯ ತಂಡಕ್ಕೆ ದಾಟಿಸಬೇಕು. ಸುಳ್ಳು ಸೇರಿಸಿ ದಾಟಿಸಿದರೆ ಅದೂ ಸೊಗಸಾದ ಆಟವೇ.

ಐದನೇ ಆವೃತ್ತಿಯಲ್ಲಿ ಅಟ್ಯೂನ್‌ಮೆಂಟ್ ಬೇಡುವ ವಸ್ತುಗಳು ಒಬ್ಬನಿಗೆ ಮೂರೇ. ಮಾತನಾಡುವ ಆಯುಧ ಆ ಮೂರರಲ್ಲಿ ಒಂದನ್ನು ಸಾಮಾನ್ಯವಾಗಿ ತಿನ್ನುತ್ತದೆ. ಲಾಭನಷ್ಟ ನೋಡುವ ಆಟಗಾರ ಅದೇ ಜಾಗದಲ್ಲಿ ಮೂಕ ಆದರೆ ಬಲವಾದ ವಸ್ತುವನ್ನು ಆರಿಸಬಹುದು. 2013ರ ಥರ್ಟೀಂತ್ ಏಜ್ ಎಂಬ ಆಟ ಈ ಆಯ್ಕೆಯನ್ನೇ ಇಲ್ಲವಾಗಿಸಿತು: ಅಲ್ಲಿ ನಿಜವಾದ ಮಾಂತ್ರಿಕ ವಸ್ತುಗಳಿಗೆಲ್ಲ ಒಂದೊಂದು ಸ್ವಭಾವವಿದೆ, ಪಾತ್ರದ ಹಂತಕ್ಕಿಂತ ಹೆಚ್ಚು ವಸ್ತುಗಳನ್ನು ಹೊತ್ತರೆ ಆ ಸ್ವಭಾವಗಳು ಪಾತ್ರದ ಮೇಲೆ ಸವಾರಿ ಮಾಡುತ್ತವೆ.

ಈಚಿನ ವರ್ಷಗಳಲ್ಲಿ ಈ ಆಯುಧಗಳ ಬಗ್ಗೆ ಹೊಸಬರಿಗೆ ಆಸಕ್ತಿ ಹುಟ್ಟಿಸಿದ್ದು ಪ್ರಸಾರವಾಗುವ ಆಟಗಳು. 2015ರಲ್ಲಿ ಆರಂಭವಾದ ಕ್ರಿಟಿಕಲ್ ರೋಲ್‌ನಲ್ಲಿ ಗ್ರಾಗ್ ಎಂಬ ಪಾತ್ರದ ಕ್ರೇವನ್ ಎಡ್ಜ್ ಕತ್ತಿಗೆ ಡಂಜನ್ ಮಾಸ್ಟರ್ ಮ್ಯಾಥ್ಯೂ ಮರ್ಸರ್ ಪಿಸುದನಿ ಕೊಟ್ಟರು. ಅದನ್ನು ನೋಡಿ ಸಂಘಟಿತ ಆಟಕ್ಕೆ ಬರುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಒಬ್ಬನೇ ನುರಿತ ನಟ ಒಂದೇ ಕತ್ತಿಗೆ ವಾರ ವಾರವೂ ಧ್ವನಿ ಕೊಡುತ್ತಾನೆ. ಲೀಗ್‌ನ ಮೇಜಿನಲ್ಲಿ ಕತ್ತಿಯ ನೆನಪು ಇರುವುದು ಅದರ ಒಡೆಯನ ಬಳಿ ಮಾತ್ರ.

ಆದುದರಿಂದ ಇಂಥ ಆಯುಧ ನಿಮ್ಮ ಲಾಗ್‌ಶೀಟಿಗೆ ಬಂದರೆ ಒಂದು ಅಂಗೈಯಗಲದ ಕಾರ್ಡ್ ಮಾಡಿಕೊಳ್ಳಿ. ಹೆಸರು, ದನಿ, ಅದು ಬಯಸುವ ಒಂದು ಸಂಗತಿ, ಸಹಿಸದ ಒಂದು ಸಂಗತಿ, ಕಳೆದ ಆಟದಲ್ಲಿ ಆದ ಜಗಳ ಅಥವಾ ಕೊಟ್ಟ ಮಾತು ಇಷ್ಟನ್ನು ಬರೆಯಿರಿ. ಕನ್ನಡದಲ್ಲಿ ಆಡುವ ಮೇಜಾದರೆ ಅದು ನಿಮ್ಮನ್ನು ನೀನು ಎನ್ನುತ್ತದೋ ನೀವು ಎನ್ನುತ್ತದೋ ಎಂಬುದನ್ನೂ ಬರೆಯಿರಿ, ಅರ್ಧ ಸ್ವಭಾವ ಅದರಲ್ಲೇ ತಿಳಿಯುತ್ತದೆ. ಕುರ್ಚಿ ಎಳೆದುಕೊಂಡು ಕೂರುವ ಮೊದಲು ಆ ಕಾರ್ಡನ್ನು ಡಂಜನ್ ಮಾಸ್ಟರ್ ಕೈಗೆ ಕೊಡಿ. ಅವರಿಗೆ ಹೊರೆ ಎನಿಸಿದರೆ ಪಕ್ಕದವರನ್ನು ಕೇಳಿ. ಒಬ್ಬರಲ್ಲ ಒಬ್ಬರು ಖಂಡಿತ ಒಪ್ಪಿಕೊಳ್ಳುತ್ತಾರೆ.